ಮುನ್ನೂರ ಇಪ್ಪತ್ತು ಹೆಜ್ಜೆ

ಗಾಲ್ಫ್ ಚೆಂಡನ್ನು ದೂರ ಹೊಡೆಯುವುದು ಹೇಗೆ ಎಂಬ ವಿಷಯದಲ್ಲಿ ಕಾರವಾರ, ಅಂಕೋಲಾ ಎರಡೂ ತಾಲೂಕು ಸೇರಿಸಿದರೂ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಅವರು ಜೀವಮಾನದಲ್ಲಿ ಒಂದು ಚೆಂಡನ್ನೂ ಹೊಡೆದವರಲ್ಲ. ಅವರ ಕೆಲಸ ಹೆಕ್ಕುವುದಾಗಿತ್ತು. ಹೋದ ತಿಂಗಳು ಬಾಳೆಗುಳಿಯ ಮನೆಯಲ್ಲಿ ತೀರಿಕೊಂಡರು ಎಂದು ಅವರ ಮಗಳು ಫೋನು ಮಾಡಿದಾಗ ನಾನು ಬೆಳಗಿನ ವ್ಯಾಯಾಮದ ನಡುವೆ ಇದ್ದೆ. ಅವರೇ ಕಲಿಸಿದ್ದು. ಕಾಲು ನೆಲಕ್ಕೆ ಊರಿ, ಸೊಂಟ ಅಲ್ಲಾಡಿಸದೆ, ಹೆಗಲನ್ನು ಮಾತ್ರ ತಿರುಗಿಸಿ ಬೆನ್ನ ಹಿಂದಿನ ಗೋಡೆ ನೋಡುವುದು. ಸುದ್ದಿ ಕೇಳಿ ಹಾಗೆಯೇ ನಿಂತುಬಿಟ್ಟೆ. ತಿರುಗಿಕೊಂಡೇ ಇಡೀ ಮಾತು ಮುಗಿಸಿದ್ದೆ ಎಂಬುದು ಆಮೇಲೆ ಕುತ್ತಿಗೆ ಹಿಡಿದುಕೊಂಡಾಗ ಗೊತ್ತಾಯಿತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಊರು ತಮ್ಮ ಸಂಬಂಧಿಕರೆಂದು ಹೇಳಿಕೊಂಡು ಬರುತ್ತದೆ, ಉಳಿದರ್ಧ ನಾನು ಬರೆದದ್ದೆಲ್ಲ ತಪ್ಪೆಂದು ಬರುತ್ತದೆ. ಮೈದಾನದಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನು ಅಲ್ಲಿಯ ಕಚೇರಿಯಲ್ಲಿ ಗುಮಾಸ್ತ. ಮೈದಾನ ಎಲ್ಲಿದೆ ಎಂದು ಕೇಳಬೇಡಿ, ಕಾರವಾರಕ್ಕೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಗೋಡೆಯ ಒಳಗಿದೆ, ಅಷ್ಟು ಸಾಕು. ಆಟದ ಜಾಗ ಬೇರೆ, ಅಭ್ಯಾಸದ ಜಾಗ ಬೇರೆ. ಅಭ್ಯಾಸಕ್ಕೆಂದು ಬಿಟ್ಟ ಉದ್ದನೆಯ ಹುಲ್ಲಿನ ಬಯಲಿಗೆ ರೇಂಜು ಎನ್ನುತ್ತಾರೆ. ಸಾಹೇಬರುಗಳು ಅದರ ಒಂದು ತುದಿಯಲ್ಲಿ ಸಾಲಾಗಿ ನಿಂತು, ಬಕೆಟ್ಟಿನಲ್ಲಿಟ್ಟ ಚೆಂಡುಗಳನ್ನು ಒಂದೊಂದಾಗಿ ಹೊಡೆದು, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಚೆಂಡು ತಾನಾಗಿ ವಾಪಸು ಬರುವುದಿಲ್ಲ. ಅದಕ್ಕೆ ಕಾಕಾ.

ಹೊಡೆದವರಿಗೆ ತಮ್ಮ ಚೆಂಡು ಎಷ್ಟು ದೂರ ಹೋಯಿತೆಂಬ ಅಂದಾಜು ಇರುತ್ತದೆ, ಆ ಅಂದಾಜು ಯಾವಾಗಲೂ ಸ್ವಲ್ಪ ಧಾರಾಳವಾಗಿಯೇ ಇರುತ್ತದೆ. ಕಾಕಾನದ್ದು ಅಂದಾಜಲ್ಲ. ಅವರು ಅಷ್ಟು ದೂರ ನಡೆದು ಹೋಗಿ ಬಂದವರು. ಬಕೆಟ್ಟು ಕೆಳಗಿಡುತ್ತ, ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

"ಸಾಹೇಬ್ರೆ, ನಿಮ್ದು ನೂರಾ ತೊಂಬತ್ತು ಹೆಜ್ಜೆ. ನಿನ್ನೆ ನೂರಾ ತೊಂಬತ್ನಾಲ್ಕ ಇತ್ತು. ರಾತ್ರಿ ನಿದ್ದೆ ಆಗಿಲ್ಯಾ?"

ಸಾಹೇಬರುಗಳಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಆಮೇಲೆ ಹಿಡಿಸದಿದ್ದರೂ ಕೇಳತೊಡಗಿದರು.

ಈಗ ಮರದ ವಿಷಯ ಹೇಳಬೇಕು. ರೇಂಜಿನ ಎಡಮೂಲೆಯಲ್ಲಿ, ಹೊಡೆಯುವ ಜಾಗದಿಂದ ಮುನ್ನೂರ ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂದು ಈಶಾಡು ಮಾವಿನ ಮರವಿದೆ. ಅದನ್ನು ಕಸಿ ಕಟ್ಟಿ ನೆಟ್ಟದ್ದು ಕಾಕಾನ ಅಪ್ಪ. ಅಪ್ಪ ನೆಟ್ಟ ಮರ ಈ ಗೋಡೆಯ ಒಳಗೆ ಹೇಗೆ ಬಂತೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಹೇಳಬಹುದು: ಮರ ಎಲ್ಲಿಗೂ ಬರಲಿಲ್ಲ, ಗೋಡೆ ಬಂತು. ಊರಿನ ಜಾಗ ಸರ್ಕಾರಕ್ಕೆ ಹೋಯಿತು, ಮನೆಯವರು ಬಾಳೆಗುಳಿಯ ಹೊಸ ಜಾಗಕ್ಕೆ ಬಂದರು, ಗದ್ದೆ ಹುಲ್ಲಿನ ಬಯಲಾಯಿತು. ಮರವನ್ನು ಕಡಿಯಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಮೈದಾನದಲ್ಲಿ ಒಂದು ನಿಯಮವಿತ್ತು, ಈಗಲೂ ಇದೆ. ಹೆಕ್ಕುವವನು ಕೊನೆಯ ಚೆಂಡು ಬಿದ್ದಲ್ಲಿಯವರೆಗೆ ಮಾತ್ರ ಹೋಗಬೇಕು. ಅದರಾಚೆ ಅವನಿಗೆ ಕೆಲಸವಿಲ್ಲ, ಕೆಲಸವಿಲ್ಲದ ಕಡೆ ಕಾಲಿಡುವಂತಿಲ್ಲ. ಇದನ್ನು ನೋಡಿಕೊಳ್ಳಲು ಕಾವಲಿನವನೊಬ್ಬ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಕೂತಿರುತ್ತಾನೆ. ನಮ್ಮ ಸಾಹೇಬರುಗಳ ಚೆಂಡು ಇನ್ನೂರು ಹೆಜ್ಜೆ ದಾಟುವುದೇ ಕಷ್ಟ. ಅಪರೂಪಕ್ಕೆ ಬರುವ ಗಟ್ಟಿ ಹುಡುಗರದ್ದು ದೂರ ಹೋಗುತ್ತಿತ್ತು, ಆದರೆ ಬಲಕ್ಕೆ ಬಾಗಿ ಬೇಲಿಯ ಕಡೆ ಹೋಗುತ್ತಿತ್ತು. ಎಡಮೂಲೆಯ ಮರದ ಹತ್ತಿರ ಒಂದು ಚೆಂಡೂ ಸುಳಿಯುತ್ತಿರಲಿಲ್ಲ. ಹಾಗಾಗಿ ಕಾಕಾ ಅಪ್ಪನ ಮರವನ್ನು ದಿನವೂ ನೋಡಬಹುದಿತ್ತು, ಮುಟ್ಟಲಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅರ್ಜಿ ಬರೆಯುತ್ತಿದ್ದರು. ಕಾಕಾ ಸಾಹೇಬರುಗಳಿಗೆ ದೂರ ಹೊಡೆಯುವುದನ್ನು ಕಲಿಸಲು ಹೊರಟರು.

ಇದನ್ನು ಅವರು ನನ್ನಿಂದ ಮುಚ್ಚಿಟ್ಟವರೇ ಅಲ್ಲ. ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುವವರು. ಅವರು ಬಾಳೆಗುಳಿಯಲ್ಲಿ ಹತ್ತಿ, ನಾನು ಅಂಕೋಲೆಯಲ್ಲಿ ಹತ್ತುವಷ್ಟರಲ್ಲಿ ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು.

"ತಮಾ," ಎಂದರು ಒಂದು ದಿನ, "ಚೆಂಡು ಹೋದಷ್ಟು ದೂರ ನಂಗೆ ಹೋಗೂಕೆ ಅಡ್ಡಿ ಇಲ್ಲ. ಹಂಗಾದ್ರೆ ಚೆಂಡಿಗೆ ದೂರ ಹೋಗೂಕೆ ಕಲಿಸ್ಬೇಕು. ಅಷ್ಟೇ ಅಲ್ದಾ?"

ಅಷ್ಟೇ. ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು.

ಹಲವರಿಗೆ ಕಲಿಸಿದರು, ಹಲವರು ವರ್ಗವಾಗಿ ಹೋದರು. ಕೊನೆಗೆ ಸಿಕ್ಕವರು ಧಾರವಾಡದ ಕಡೆಯ ಒಬ್ಬ ಸಾಹೇಬರು. ತೋಳು ನೋಡಿದರೆ ಗರಡಿಯಲ್ಲಿ ಬೆಳೆದವರೆನ್ನಬೇಕು, ಹೊಟ್ಟೆ ನೋಡಿದರೆ ಪೇಢೆಯ ಅಂಗಡಿಯಲ್ಲಿ. ಹಲ್ಲು ಕಚ್ಚಿ, ಮುಖ ಕೆಂಪು ಮಾಡಿಕೊಂಡು ಹೊಡೆಯುತ್ತಿದ್ದರು. ನೂರಾ ತೊಂಬತ್ತರ ಸಾಹೇಬರು ಇವರೇ. ಕಾಕಾ ನಾಲ್ಕು ದಿನ ದೂರದಿಂದ ನೋಡಿ, ಐದನೇ ದಿನ ಒಂದು ಕಟ್ಟು ಹುಲ್ಲು ತಂದು ಅವರ ಮುಂದೆ ಹಾಕಿದರು.

"ಎಂತಕ್ಕಿದು?" ಎಂದು ನಾನೇ ಕೇಳಿದೆ.

"ಭತ್ತ ಬಡೀಲಿ ಸಾಹೇಬ್ರು."

ಸಾಹೇಬರು ಒಳ್ಳೆಯವರು. ಚೆಂಡು ಹೊಡೆಯುವ ಕೋಲು ಬದಿಗಿಟ್ಟು, ಹುಲ್ಲಿನ ಸೂಡಿ ಎತ್ತಿ, ಕಾಕಾ ತೋರಿಸಿದ ಕಲ್ಲಿಗೆ ಬಡಿದರು. ಹನ್ನೆರಡನೆಯದಕ್ಕೆ ಏದುಸಿರು ಬಿಡುತ್ತ ಕೂತರು. ಕಾಕಾ ಅದೇ ಸೂಡಿ ತೆಗೆದುಕೊಂಡು, ಕಚೇರಿಯ ವಿಷಯ, ಬಸ್ಸಿನ ವಿಷಯ ಮಾತಾಡುತ್ತಲೇ ಅರವತ್ತು ಸಲ ಬಡಿದರು. ಅರವತ್ತು ದಾಟಿದ ಮನುಷ್ಯ, ಮೂಳೆ ಮೇಲೊಂದು ಚರ್ಮ. ಮಾತು ಒಂದು ಸಲವೂ ತುಂಡಾಗಲಿಲ್ಲ.

"ನೀವು ಭತ್ತದ ಮೇಲೆ ಸಿಟ್ಟು ತೀರಿಸ್ತ್ರಿ, ಸಾಹೇಬ್ರೆ. ಕೈಯಿಂದ ಬಡದ್ರೆ ಹಂಗೇ ಆಗೂದು. ಹಿಂದಿನ ಕಾಲಿನ ಭಾರ ಮುಂದಿನ ಕಾಲಿಗೆ ಬರ್ಲಿ. ಸೊಂಟ ಮೊದ್ಲು ತಿರ್ಗಲಿ. ಹೆಗಲು ಅದ್ರ ಹಿಂದೆ ಬರ್ತದೆ. ಕೈಗೆ ಎಂತಾ ಕೆಲ್ಸಾನೂ ಇಲ್ಲ, ಸೂಡಿ ಹಿಡ್ಕಂಡು ಸುಮ್ಮಗಿದ್ರೆ ಸಾಕು."

ಸಾಹೇಬರು ಇದನ್ನು ಪುಸ್ತಕದಲ್ಲಿ ಓದಿದ್ದರಂತೆ, ಫೋನಿನಲ್ಲಿ ನೋಡಿದ್ದರಂತೆ. ಹುಲ್ಲಿನ ಸೂಡಿ ಹಿಡಿದ ಮೇಲೆ ಅರ್ಥವಾಯಿತಂತೆ.

ಆದರೆ ಸೊಂಟ ತಿರುಗಬೇಕಲ್ಲ. ಐವತ್ತು ವರ್ಷ ಕುರ್ಚಿಯ ಮೇಲೆ ಕೂತ ಸೊಂಟ. "ನಿಮ್ಗೆ ಹೊಟ್ಟೆ, ಹೆಗಲು, ಕುಂಡೆ ಎಲ್ಲಾ ಒಂದೇ ಸಲ ತಿರಗ್ತದೆ, ಕಪಾಟು ತಿರಗ್ಸಿದ ಹಾಂಗೆ," ಎಂದರು ಕಾಕಾ, ಯಾವ ಮುಲಾಜೂ ಇಲ್ಲದೆ. ಮುಂದಿನ ಮೂರು ತಿಂಗಳು ಸಾಹೇಬರು ಕೋಲು ಮುಟ್ಟುವಂತಿರಲಿಲ್ಲ. ನೆಲದ ಮೇಲೆ ಕೂತು ಉಣ್ಣಬೇಕು. ಕೈ ಊರದೆ ಏಳಬೇಕು. ಕುಕ್ಕುರುಗಾಲಿನಲ್ಲಿ ಕೂತು ಪೇಪರು ಓದಬೇಕು, ಕ್ರೀಡಾಪುಟ ಬರುವವರೆಗೆ ಏಳಬಾರದು. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಬೇಕು, ಮೇಲಿನ ಹಲ್ಲಿಗೆ ಎಡಗಾಲು, ಕೆಳಗಿನ ಹಲ್ಲಿಗೆ ಬಲಗಾಲು. ಸಾಹೇಬರ ಮನೆಯ ಊಟದ ಮೇಜು ಇಸ್ತ್ರಿ ಮಾಡುವ ಮೇಜಾಯಿತೆಂದು ಅವರ ಹೆಂಡತಿ ಕಚೇರಿಗೆ ಬಂದಾಗ ನನ್ನ ಹತ್ತಿರ ದೂರು ಹೇಳಿದರು. ನಾನು ಬರೆದುಕೊಂಡೆ. ಅದು ನನ್ನ ಅಭ್ಯಾಸ.

ನನಗೂ ಬೆನ್ನುನೋವಿತ್ತು. ಹಾಗಾಗಿ ನನ್ನ ತರಬೇತಿ ಬಸ್ಸಿನಲ್ಲೇ ಶುರುವಾಯಿತು. ಕೂತಲ್ಲಿಂದ ಕುಂಡೆ ಎತ್ತದೆ, ಹಿಂದಿನ ಸೀಟಿನವನ ಮುಖ ಪೂರ್ತಿ ಕಾಣುವವರೆಗೆ ತಿರುಗಬೇಕು, ಐದು ಉಸಿರು ಹಾಗೇ ಇರಬೇಕು. ಅಂಕೋಲೆಯಿಂದ ಮೈದಾನದ ಗೇಟಿನವರೆಗೆ ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಮೀನಿನ ಬುಟ್ಟಿಯ ಹೆಂಗಸು ಮೂರನೆಯ ಸಲಕ್ಕೆ, "ಎಂತಾ ಬೇಕಾ ನಿಂಗೆ?" ಎಂದು ಕೇಳಿದಳು. ಕಾಕಾ ನನ್ನ ಪರವಾಗಿ, "ಅವ್ನಿಗೆ ಸೊಂಟ ಇಲ್ಲ, ಅಕ್ಕಾ," ಎಂದರು. ಆಕೆ ಅಯ್ಯೋ ಪಾಪ ಎಂದು ಇಳಿಯುವವರೆಗೆ ನನ್ನನ್ನೇ ನೋಡುತ್ತಿದ್ದಳು. ಬೆನ್ನುನೋವು ಹೋಯಿತು, ಆ ಬಸ್ಸಿನಲ್ಲಿ ನನ್ನ ಮಾನವೂ ಹೋಯಿತು.

ಕೋಲು ಹಿಡಿಯುವುದನ್ನು ಕಲಿಸಲು ಅವರಿಗೆ ಒಂದೇ ಮಾತು ಸಾಕಾಗಿತ್ತು. "ಬಾಳೆಗುಳಿ ಕ್ರಾಸಿನಲ್ಲಿ ಮಗೂನ್ನ ರಸ್ತೆ ದಾಟ್ಸುವಾಗ ಕೈ ಹೆಂಗೆ ಹಿಡೀತ್ರಿ? ತಪ್ಪಿಸ್ಕಂಡು ಓಡಬಾರ್ದು, ನೋವಾಯ್ತು ಅಂತ ಅಳಬಾರ್ದು. ಹಂಗೆ." ಆ ಕ್ರಾಸಿನಲ್ಲಿ ಲಾರಿಗಳು ಬರುವ ರಭಸ ನೋಡಿದ ಯಾರಿಗೂ ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಹಲ್ಲು ಕಚ್ಚುವುದಕ್ಕೆ ಮದ್ದು ಬೇರೆ ಇತ್ತು. ಕಾಕಾನ ಸೊಂಟದಲ್ಲಿ ಕವಳದ ಸಂಚಿ ಯಾವಾಗಲೂ ಇರುತ್ತಿತ್ತು. ಅದರಿಂದ ಒಂದು ವೀಳ್ಯದೆಲೆ ತೆಗೆದು, ಒರೆಸಿ, ಸಾಹೇಬರ ಹಲ್ಲುಗಳ ನಡುವೆ ಇಡುತ್ತಿದ್ದರು. ಹೊಡೆದಾದ ಮೇಲೆ ಚೆಂಡು ಎಲ್ಲಿ ಹೋಯಿತೆಂದು ನೋಡುತ್ತಿರಲಿಲ್ಲ. ಎಲೆಯನ್ನು ವಾಪಸು ಪಡೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಲ್ಲಿನ ಗುರುತು ಬಿದ್ದಿದ್ದರೆ ಹೊಡೆತ ಸುಳ್ಳು. ಹಲ್ಲು ಬಿಗಿದರೆ ಕುತ್ತಿಗೆ ಬಿಗಿಯುತ್ತದೆ, ಕುತ್ತಿಗೆ ಬಿಗಿದರೆ ಹೆಗಲು, ಹೆಗಲು ಬಿಗಿದರೆ ಚೆಂಡು ನೂರಾ ತೊಂಬತ್ತಕ್ಕೆ ಕೂರುತ್ತದೆ. ಮೊದಲ ವಾರ ಸಾಹೇಬರು ಎಲೆಯನ್ನು ಎರಡು ತುಂಡು ಮಾಡಿದರು, ಒಂದೆರಡನ್ನು ನುಂಗಿಯೂ ಬಿಟ್ಟರು.

ವರ್ಷ ತಿರುಗುವುದರೊಳಗೆ ನೂರಾ ತೊಂಬತ್ತು ಇನ್ನೂರ ಮೂವತ್ತಾಯಿತು. ಮುಂದಿನ ವರ್ಷ ಇನ್ನೂರ ಎಪ್ಪತ್ತು. ಸಾಹೇಬರ ಚೆಂಡು ಮುಂದೆ ಮುಂದೆ ಹೋದಂತೆ ಕಾಕಾನ ನಡಿಗೆ ಉದ್ದವಾಯಿತು. ದಿನಕ್ಕೆ ಹತ್ತು ಸಲ ಹೋಗಿ ಹತ್ತು ಸಲ ಬರಬೇಕು, ಚೆಂಡಿಗೊಮ್ಮೆ ಬಗ್ಗಬೇಕು. ಅವರ ಎಡ ಮೊಣಕಾಲು ಬಾತುಕೊಳ್ಳತೊಡಗಿತು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮೇಲೆ ಪ್ಯಾಂಟು ಹಾಕಿಕೊಂಡು ಬರುತ್ತಿದ್ದರು. ಕಲಿಸುವುದನ್ನು ನಿಲ್ಲಿಸಿದ್ದರೆ ಕಾಲು ಉಳಿಯುತ್ತಿತ್ತು. ಇದನ್ನು ನಾನು ಹೇಳಿದೆ ಕೂಡ. "ಕಾಲು ಉಳ್ಸ್ಕಂಡು ಎಲ್ಲಿಗೆ ಹೋಗೂದು?" ಎಂದರು.

ಒಂದು ಜನವರಿಯಲ್ಲಿ ಸಾಹೇಬರ ಒಂದು ಚೆಂಡು ಇನ್ನೂರ ತೊಂಬತ್ತಕ್ಕೆ ಹೋಯಿತು, ಅದೂ ಎಡಕ್ಕೆ. ಕಾಕಾ ಹೋಗಿ ಚೆಂಡು ಹೆಕ್ಕಿ, ಬಕೆಟ್ಟಿಗೆ ಹಾಕಿ, ಅಲ್ಲೇ ನಿಂತರು. ಮರ ಮೂವತ್ತು ಹೆಜ್ಜೆ ಆಚೆ. ಕಾವಲಿನವನು ಆಗ ಚಹಾ ಕುಡಿಯುತ್ತಿದ್ದ, ಅವನ ಬೆನ್ನು ಈಚೆಗಿತ್ತು. ನಾನು ಕಚೇರಿಯ ಕಿಟಕಿಯಿಂದ ನೋಡುತ್ತ, ಹೋಗು ಮಾರಾಯಾ ಹೋಗು ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವರು ಹೋಗಲಿಲ್ಲ. ಮೂಗೆತ್ತಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದರು. ಸಂಜೆ ಬಸ್ಸಿನಲ್ಲಿ, "ಹೂ ಬಿಟ್ಟದೆ, ತಮಾ," ಎಂದರು. 

ನನಗೆ ತಡೆಯಲಾಗಲಿಲ್ಲ. ಮರುದಿನ ಬುದ್ಧಿ ಹೇಳಿದೆ. "ಕಾಕಾ, ಒಂದು ಚೆಂಡು ಕಿಸೆಲಿ ಇಟ್ಕಳಿ. ಯಾರೂ ಇಲ್ದಾಗ ಮರದ ಬುಡಕ್ಕೆ ಬೀಸಿ ಒಗೀರಿ. ಆಮೇಲೆ ಹೆಕ್ಕೂಕೆ ಹೋದ್ರೆ ಯಾರು ಕೇಳ್ತರು?"

ಅವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು.

"ಬೀಳದ ಚೆಂಡ ಹೆಕ್ಕೂಕಾಗ್ತದ್ಯಾ?"

ಮುಂದಿನ ಎರಡು ದಿನ ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇರಲಿಲ್ಲ. ನಾನು ನಿಂತುಕೊಂಡೇ ಕೆಲಸಕ್ಕೆ ಹೋದೆ.

ಆ ಹೊತ್ತಿಗೆ ಮೈದಾನಕ್ಕೆ ಹೊಸ ವ್ಯವಸ್ಥಾಪಕರು ಬಂದಿದ್ದರು. ಗುತ್ತಿಗೆ ಕೆಲಸದವರೆಲ್ಲ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಕೆಲಸಕ್ಕೆ ಮೈ ಗಟ್ಟಿಯಿದೆ ಎಂದು ಬರೆಸಿಕೊಂಡು ಬರಬೇಕೆಂದು ಆದೇಶ ಮಾಡಿದರು. ಕೆಲಸ ಹೋದರೆ ಗೇಟಿನ ಪಾಸು ಹೋಗುತ್ತದೆ. ಪಾಸು ಹೋದರೆ ಮರ ನೋಡುವುದೂ ಇಲ್ಲ. ಮೊದಲ ವರ್ಷ ಡಾಕ್ಟರು ಕೂತು ಏಳಲು ಹೇಳಿದರು. ಕಾಕಾ ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಸೊಂಟ ತುಸು ತಿರುಗಿಸಿ, ಹತ್ತು ಸಲ ಕೂತು ಎದ್ದರು. ಕೈ ಊರಲಿಲ್ಲ. ಸಾಲದ್ದಕ್ಕೆ ಡಾಕ್ಟರಿಗೇ ಹೆಗಲು ಬಗ್ಗಿದೆಯೆಂದು ಹೇಳಿ, ಬಾಗಿಲ ಚೌಕಟ್ಟು ಹಿಡಿದು ಎದೆ ಚಾಚುವ ವ್ಯಾಯಾಮ ಕಲಿಸಿ ಬಂದರು. ಜೊತೆಗೆ ಹೋಗಿದ್ದ ನಾನು ಸಾಕ್ಷಿ.

ಎರಡನೇ ವರ್ಷ ಬೇರೆ ಡಾಕ್ಟರು. ಅವರು ಕೂರಿಸಲಿಲ್ಲ, ಮೆಟ್ಟಿಲು ಇಳಿಯಲು ಹೇಳಿದರು. ಹತ್ತುವಾಗ ಏನೋ ಮಾಡಬಹುದು. ಇಳಿಯುವಾಗ ಎರಡು ಕಾಲೂ ಬೇಕು. ನಾಲ್ಕನೇ ಮೆಟ್ಟಿಲಿನಲ್ಲಿ ಕಾಕಾ ಗೋಡೆ ಹಿಡಿದರು. ಐವತ್ತು ಮಂದಿಯ ಸೊಂಟ ಸಡಿಲ ಮಾಡಿದ ಮನುಷ್ಯನ ಕಾಗದದ ಮೇಲೆ ಅನರ್ಹ ಎಂದು ಬಂತು.

ಮೇ ಕೊನೆಯ ದಿನಕ್ಕೆ ಕೆಲಸ ಮುಗಿಯುತ್ತದೆ ಎಂಬ ಪತ್ರವನ್ನು ಟೈಪು ಮಾಡಿದ್ದು ನಾನು. ಬಸ್ಸಿನಲ್ಲೇ ಕೊಟ್ಟೆ. ಕಚೇರಿಗೆ ಕರೆಸಿ ಕೊಡಲು ನನಗೆ ಧೈರ್ಯವಿರಲಿಲ್ಲ.

"ನಾನೇ ಟೈಪ್ ಮಾಡಿದ್ದು, ಕಾಕಾ."

ಅವರು ಮಡಿಕೆ ಬಿಚ್ಚಿ ಪೂರ್ತಿ ಓದಿದರು. "ನೀ ತಪ್ಪಿಲ್ದೇ ಮಾಡಿದ್ದೆ," ಎಂದು ಮಡಚಿ ಕವಳದ ಸಂಚಿಯಲ್ಲಿಟ್ಟರು. ನನಗೆ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೊನೆಯ ದಿನ ಸಾಹೇಬರು ಬೇಗ ಬಂದರು. ಯಾರೂ ಹೇಳಿಕಳಿಸಿರಲಿಲ್ಲ, ಆದರೆ ಉಳಿದವರೂ ಬಂದಿದ್ದರು. ತೋಟದ ಕೆಲಸದವರು, ಕಚೇರಿಯವರು, ನಾನು, ಎಲ್ಲ ಸೇರಿ ಹತ್ತು ಹನ್ನೆರಡು ಜನ. ಕಾವಲಿನವನು ತನ್ನ ಜಾಗದಲ್ಲಿದ್ದ. ಬಕೆಟ್ಟಿನಲ್ಲಿ ಮೂವತ್ತು ಚೆಂಡು.

"ಕಾಕಾ, ಇವತ್ತ ಮರಕ್ಕ ಮುಟ್ಟಿಸೇ ಬಿಡ್ತೀನಿ ನೋಡ್ರಿ," ಎಂದರು ಸಾಹೇಬರು.

"ಮುಟ್ಸೂಕೆ ಹೋಗ್ಬೇಡಿ, ಸಾಹೇಬ್ರೆ. ಬೀಸಿ ಬಿಟ್ಬಿಡಿ."

ಸಾಹೇಬರು ಮುಟ್ಟಿಸಲು ಹೋದರು. ಇನ್ನೂರ ನಲವತ್ತು, ಇನ್ನೂರ ಅರವತ್ತು, ಒಂದು ಬಲಕ್ಕೆ, ಒಂದು ನೆಲಕ್ಕೆ. ಎಲೆಯ ಮೇಲೆ ಎಲೆ ತುಂಡಾಯಿತು. ಇಪ್ಪತ್ತೊಂಬತ್ತು ಮುಗಿದವು. ಅವರ ಮುಖದ ಮೇಲೆ ನೀರಿಳಿಯುತ್ತಿತ್ತು, ಎಲ್ಲ ಬೆವರೇ ಎಂದು ನನಗೆ ಅನ್ನಿಸಲಿಲ್ಲ. ಕಾಕಾ ಮೆಲ್ಲಗೆ ಬಗ್ಗಿ ಕೊನೆಯ ಚೆಂಡನ್ನು ಚಿಕ್ಕ ಗೂಟದ ಮೇಲೆ ಕೂರಿಸಿದರು. ಸಂಚಿಯಲ್ಲಿ ಉಳಿದ ಒಂದೇ ಎಲೆಯನ್ನು ಒರೆಸಿ ಸಾಹೇಬರ ಬಾಯಿಗಿಟ್ಟರು.

"ಭತ್ತ ಬಡೀರಿ," ಎಂದರು. "ಸಂಜೆವರೆಗೆ ಬಡಿಯೂದಿದೆ ಅಂತ ತಿಳ್ಕಂಡು ಬಡೀರಿ."

ಆ ಹೊಡೆತದ ಸದ್ದು ಬೇರೆಯೇ ಇತ್ತು. ಚೆಂಡು ಎತ್ತರಕ್ಕೆ ಹೋಗಿ, ತುಸು ಎಡಕ್ಕೆ ವಾಲಿ, ಬಿದ್ದು, ಪುಟಿದು, ಉರುಳಿ ನಿಂತಿತು. ಮರಕ್ಕೆ ಇಪ್ಪತ್ತು ಹೆಜ್ಜೆ ಈಚೆ. ಬೋಳು ಹುಲ್ಲಿನ ಮೇಲೆ, ಬೆಳ್ಳಗೆ, ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. ಸಾಹೇಬರು ಬಾಯಿಂದ ಎಲೆ ತೆಗೆದರು. ಒಂದು ಹಲ್ಲಿನ ಗುರುತೂ ಇರಲಿಲ್ಲ. ಆದರೂ ಇಪ್ಪತ್ತು ಹೆಜ್ಜೆ ಕಡಿಮೆ.

 ಕಾಕಾ ಬಕೆಟ್ಟು ತೆಗೆದುಕೊಂಡು ಹೊರಟರು. ಎಡಗಾಲು ಎಳೆಯುತ್ತಿತ್ತು. ದಾರಿಯ ಚೆಂಡುಗಳನ್ನು ಒಂದೊಂದಾಗಿ ಹೆಕ್ಕುತ್ತ, ಇಪ್ಪತ್ತೊಂಬತ್ತನ್ನೂ ಹೆಕ್ಕಿ, ಕೊನೆಯದರ ಹತ್ತಿರ ಬಂದರು. ಬಂದು, ಅದರ ಪಕ್ಕದಿಂದಲೇ ದಾಟಿ ಮುಂದೆ ಹೋದರು.

ಕಾವಲಿನವನು ಎದ್ದು ನಿಂತ. ಸೀಟಿ ಬಾಯಿಗೆ ಹೋಯಿತು. ಸ್ವಲ್ಪ ಹೊತ್ತು ಬಾಯಲ್ಲೇ ಇತ್ತು. ಆಮೇಲೆ ಅವನು ಅದನ್ನು ತೆಗೆದು ಅಂಗಿಗೆ ಒರೆಸಿ ಕಿಸೆಯಲ್ಲಿಟ್ಟುಕೊಂಡು ಕೂತ.

ಹನ್ನೊಂದು ವರ್ಷದಲ್ಲಿ ಒಂದು ಚೆಂಡನ್ನೂ ಕಣ್ತಪ್ಪಲು ಬಿಡದ ಮನುಷ್ಯ ಅವತ್ತು ಬೋಳು ಹುಲ್ಲಿನಲ್ಲಿ ಬಿದ್ದ ಚೆಂಡನ್ನು ಹುಡುಕುತ್ತ ಮರದ ಕೆಳಗೆ ಹೋದರು. ಬೇರುಗಳ ಸಂದಿಯಲ್ಲಿ ಹುಡುಕಿದರು. ಕಾಂಡದ ಸುತ್ತ ಕೈಯಾಡಿಸಿ ಹುಡುಕಿದರು. ಕೊಂಬೆಗಳ ಮೇಲೆ ಇರಬಹುದೇ ಎಂಬಂತೆ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಬುಡದಲ್ಲಿ ಬೆನ್ನು ಕೊಟ್ಟು ಕೂತು, ಅಲ್ಲಿಂದಲೂ ಹುಡುಕಿದರು. ಅರ್ಧ ಗಂಟೆ ಆಗಿರಬೇಕು. ನಾವು ಹತ್ತು ಹನ್ನೆರಡು ಜನ, ಚೆಂಡು ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಹೇಳಲಿಲ್ಲ. ನನಗೆ ಅಳು ಬಂತು, ಬಂದದ್ದನ್ನು ಬಂತೆಂದೇ ಬರೆಯುತ್ತೇನೆ.

ವಾಪಸು ಬರುವಾಗಲೂ ಚೆಂಡಿನ ಪಕ್ಕದಿಂದಲೇ ಬಂದರು, ಕಣ್ಣು ಆ ಕಡೆ ಹೋಗಲಿಲ್ಲ.

"ಚೆಂಡು ಸಿಕ್ಕಿಲ್ಲ, ಸಾಹೇಬ್ರೆ."

"ಇರ್ಲಿ ಕಾಕಾ," ಎಂದರು ಸಾಹೇಬರು. "ನಾಳೆ ಹುಡುಕಿದ್ರಾತು."

ನಾಳೆಯಿಂದ ಅವರಿಗೆ ಪಾಸು ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಕಾಕಾ ಹೌದೆಂದು ತಲೆಯಾಡಿಸಿ ಬಕೆಟ್ಟು ಕೆಳಗಿಟ್ಟರು. ಚೆಂಡುಗಳ ಮೇಲೆ ಏಳು ಈಶಾಡು ಹಣ್ಣುಗಳಿದ್ದವು. ಒಂದನ್ನು ತೆಗೆದು, ಅಂಟಿದ ಮಣ್ಣನ್ನು ಒರೆಸಿ, ಎಲ್ಲರಿಗಿಂತ ಮೊದಲು ಕಾವಲಿನವನ ಹತ್ತಿರ ಕುಂಟುತ್ತ ಹೋಗಿ ಅವನ ಕೈಗಿಟ್ಟರು.

"ಬಿದ್ದದ್ದೇ ಹೆಕ್ಕಿದ್ದು, ತಮಾ," ಎಂದರು. "ಕೊಯ್ದದ್ದಲ್ಲ."